ಶಾಂತಮೂರ್ತಿಯ ಹೆಜ್ಜೆ

ಹೊಳೆ ಉಕ್ಕುವ ಹಿಂದಿನ ದಿನ ಪಂಚಾಯ್ತಿಯ ಶಾಂತಮೂರ್ತಿ ಮಹಾದೇವಮ್ಮನ ಹೊಸ ಮನೆಯ ಜಗಲಿಯಲ್ಲಿ ಕೂತು ಎರಡನೇ ಲೋಟ ಮಜ್ಜಿಗೆ ಕುಡಿಯುತ್ತಿದ್ದ. ನೆರೆ ಬರುವ ಸುವರ್ಣಾವತಿ ಹೊಳೆಯಿಂದ ನೂರು ಹೆಜ್ಜೆಯೊಳಗೆ ಮನೆ ಕಟ್ಟಕೂಡದೆಂಬ ನಿಯಮಕ್ಕೆ ವಿನಾಯಿತಿ ಕೊಡುವವನು ಅವನೇ, ಅಳೆಯುವವನೂ ಅವನೇ. ಟೇಪು ಅವನ ಜೇಬಿನಿಂದ ಆಚೆ ಬಂದದ್ದನ್ನು ಯಾರೂ ಕಂಡಿಲ್ಲ. ಬೇಡಿದವರ ಮುಖ ನೋಡಿ, “ಈ ಒಂದ್ಸಲ ಮಾತ್ರ ಕಣ್ರಿ” ಎಂದು ಪ್ಯಾಂಟು ಮಡಚಿ ನಡೆಯುತ್ತಿದ್ದ. ಬಾಣಂತಿ ಇದ್ದ ಮನೆಗೆ ಗೇಣುದ್ದದ ಹೆಜ್ಜೆ, ಮಗಳ ಮದುವೆ ಗೊತ್ತಾದ ಮನೆಗೆ ಇರುವೆಯ ಹೆಜ್ಜೆ. ಮಹಾದೇವಮ್ಮನ ಮನೆ ಅಳೆದಾಗ ನೂರಾ ಎರಡು ಬಂದಿತ್ತು. “ಇನ್ನೊಸಿ ಚಿಕ್ಕದಾಗ್ ಮಡಗಿದ್ರೆ ಹೊಳೆ ಕೊಳ್ಳೇಗಾಲಕ್ಕೇ ಓಗ್ಬುಡ್ತಿತ್ತು ಸಾ” ಎಂದು ಅವಳ ಗಂಡ ಕೆಂಪನಂಜಪ್ಪ ನಕ್ಕಿದ್ದ, ಅವಳೂ ನಕ್ಕಿದ್ದಳು. ಮಜ್ಜಿಗೆ ಕುಡಿದ ಮರುದಿನ ಹೊಳೆ ಕೊಟ್ಟಿಗೆಗೆ ನುಗ್ಗಿತು. ಹಸುವಿನ ಹಗ್ಗ ಬಿಚ್ಚಲು ಕೆಂಪನಂಜಪ್ಪ ಹೋದ. ಹಸು ಬಂತು, ಅವನು ಬರಲಿಲ್ಲ. ನೆರೆ ಇಳಿದು ತಿಥಿ ಮುಗಿದ ಮೇಲೆ ಶಾಂತಮೂರ್ತಿ ಯಾರೂ ಕರೆಯದೆ ಬಂದು, ಅವಳ ಬಾಗಿಲಿನಿಂದ ಹೊಳೆಯ ಕಡೆಗೆ ಮೊದಲ ಸಲ ಕಾಲು ಚಾಚಿ ನಡೆದ. ನಲವತ್ತಕ್ಕೇ ಚಪ್ಪಲಿ ನೆನೆಯಿತು. “ಇಲ್ಲ ಅನ್ನಕೆ ನಂಗ್ ಬಾಯೇ ಬರಾಕಿಲ್ಲ ಕಣವ್ವ” ಎಂದು ನೀರಲ್ಲೇ ನಿಂತ. “ಕೇಳ್ದೋಳು ನಾನೇ ಅಲ್ವಾ ಸಾ” ಎಂದಳು ಮಹಾದೇವಮ್ಮ. ಈಗಲೂ ದಿನಾ ಬೆಳಿಗ್ಗೆ ಆ ಹಸುವಿಗೆ ಹೊಳೆಯಿಂದ ನೀರು ತರುತ್ತಾಳೆ. ಬಿಂದಿಗೆ ಹೊತ್ತ ಅವಳ ಹೆಜ್ಜೆಗೆ ಅದು ಐವತ್ತು.