ಭಾನುವಾರ ಒಣಹಾಕಿದ ಬಟ್ಟೆ

ಸ್ಕಾಟ್ಲೆಂಡಿನ ಆ ಊರಿನ ಫೋಟೊ ನೋಡಿದವರೆಲ್ಲ "ಎಷ್ಟ್ ಚೆನ್ನಾಗಿದೆ ರೀ, ಪುಣ್ಯ ಮಾಡಿದ್ರಿ" ಅಂತಾರೆ. ಹೌದು, ಚೆನ್ನಾಗಿತ್ತು. ನದಿ, ಅದಕ್ಕೆ ಅಡ್ಡಲಾಗಿ ಕಮಾನಿನ ಕಲ್ಲುಸೇತುವೆ, ಗುಡ್ಡದ ಮೇಲೆ ಮುರುಕು ಕೋಟೆ, ದಡದುದ್ದಕ್ಕೂ ಶತಮಾನಗಳಷ್ಟು ಹಳೆಯ ಮನೆಗಳು. ಅಂಥದೊಂದು ಮನೆಯ ಕೆಳಗಿನ ಭಾಗದಲ್ಲಿ ನಾನೂ ನನ್ನ ಗಂಡನೂ ಬಾಡಿಗೆಗಿದ್ದೆವು. ಆ ಊರು ನನಗೆ ಇಷ್ಟವಾಗಲಿಲ್ಲ. ಈಗ ಕೊಡಿಗೇಹಳ್ಳಿಯ ನಮ್ಮ ಮನೆ ಮಹಡಿಯಲ್ಲಿ ಕೂತು ಬರೆಯುವಾಗಲೂ ಇಷ್ಟವಿಲ್ಲ.

ನಾನು ನರ್ಸ್. ಹೆಬ್ಬಾಳದ ಕಡೆ ಒಂದು ಆಸ್ಪತ್ರೆಯಲ್ಲಿದ್ದವಳು, ಆ ಊರಿನ ವೃದ್ಧಾಶ್ರಮದಲ್ಲಿ ಕೆಲಸ ಸಿಕ್ಕಿ ಹೋದೆ. ಜಾಲಹಳ್ಳಿಯ ವರ್ಕ್‌ಶಾಪಿನಲ್ಲಿ ಲೇತ್ ಮಷೀನಿನ ಕೆಲಸದಲ್ಲಿದ್ದ ನನ್ನ ಗಂಡ ಅಲ್ಲಿ ಸೇತುವೆ ಪಕ್ಕದ ಹೋಟೆಲಿನಲ್ಲಿ ಪಾತ್ರೆ ತೊಳೆಯಲು ಸೇರಿದರು.

ಟೂರಿಸ್ಟುಗಳು ನಮ್ಮ ಮನೆಯ ಮುಂಭಾಗದ ಫೋಟೊ ತೆಗೆಯುತ್ತಿದ್ದರು. ಒಳಗೆ, ಮಂಚದ ಹಿಂದಿನ ಗೋಡೆ ನದಿಯ ತೇವ ಹೀರಿ ಕಪ್ಪಗೆ ಬೂಷ್ಟು ಹಿಡಿದಿತ್ತು. ಬಣ್ಣದ ಮೇಲೆ ಬಣ್ಣ ಬಳಿದು ಕಿಟಕಿಗಳು ಚೌಕಟ್ಟಿಗೇ ಅಂಟಿಹೋಗಿದ್ದವು. ಹಳೇ ಕಟ್ಟಡ, ಕಿಟಕಿ ಬದಲಿಸುವಂತಿಲ್ಲ ಅಂತ ಮಾಲೀಕ ಹೇಳಿದ. ಒಳಗೆ ಬಟ್ಟೆ ಒಣಗಿಸಿದರೆ ಬೂಷ್ಟು ಇನ್ನೂ ಹೆಚ್ಚುತ್ತೆ, ಹಿತ್ತಲಲ್ಲೇ ಹಾಕಿ ಅಂತಲೂ ಹೇಳಿದ.

ಹಿತ್ತಲು ಇಡೀ ಕಟ್ಟಡಕ್ಕೆ ಸೇರಿದ್ದು. ನದಿಯತ್ತ ಇಳಿಯುವ ಹುಲ್ಲು, ಕಬ್ಬಿಣದ ಕಂಬಗಳ ನಡುವೆ ಹಗ್ಗ. ಮನೆಗೊಂದು ದಿನ. ನಿಮ್ಮದು ಮಂಗಳವಾರ ಅಂತ ಮೇಲಿನ ಮನೆಯ ಹೆಂಗಸು ಬಂದು ತಿಳಿಸಿದಳು. ಎಪ್ಪತ್ತು ದಾಟಿದ್ದರೂ ಬೆನ್ನು ಬಾಗಿರಲಿಲ್ಲ. ಅದೇ ಮನೆಯಲ್ಲಿ ಹುಟ್ಟಿ ಬೆಳೆದವಳು. ನಗುತ್ತ, ನನ್ನ ಹೆಗಲ ಮೇಲಿಂದ ಅಡುಗೆಮನೆಯ ಕಡೆ ಕಣ್ಣು ಹಾಯಿಸುತ್ತ ಮಾತಾಡಿದಳು. "ನಿಮ್ಮ ಅಡುಗೆ ವಾಸನೆ ಮೆಟ್ಟಿಲು ಹತ್ತಿ ಮೇಲೆ ಬರುತ್ತೆ," ಅಂದಳು. ಅದನ್ನೂ ನಗುತ್ತಲೇ.

ಮಂಗಳವಾರ ಒಂದೋ ನನಗೆ ಡ್ಯೂಟಿ, ಇಲ್ಲವೇ ಮಳೆ. ಬಟ್ಟೆ ಒಳಗೇ ಒಣಗಿ, ಬೂಷ್ಟು ಬೆಳೆದು, ಗಂಡನಿಗೆ ಕೆಮ್ಮು ಹಿಡಿಯಿತು. ಒಂದು ಭಾನುವಾರ ಬಿಸಿಲು ಬಂತು. ಬೆಡ್‌ಶೀಟು, ಯೂನಿಫಾರ್ಮು, ನೈಟಿ, ಅವರ ಪಂಚೆ ಎಲ್ಲ ಒಗೆದು ಹಗ್ಗಕ್ಕೆ ಹಾಕಿದೆ. ಊಟ ಮುಗಿಸಿ ಹೋಗಿ ನೋಡಿದರೆ ಹಗ್ಗ ಖಾಲಿ. ಅರೆ ಒಣಗಿದ ಬಟ್ಟೆಯೆಲ್ಲ ಮುದ್ದೆಯಾಗಿ ನಮ್ಮ ಹಿತ್ತಲ ಬಾಗಿಲಿನ ಕಲ್ಲಿನ ಮೇಲೆ ಬಿದ್ದಿತ್ತು.

ಮೇಲೆ ಹೋಗಿ ಬಾಗಿಲು ಬಡಿದೆ.

"ಇವತ್ತು ಭಾನುವಾರ, ದೇವರ ದಿನ," ಅಂದಳು, ಮಗುವಿಗೆ ಹೇಳುವ ಹಾಗೆ. "ಈ ಹಿತ್ತಲಲ್ಲಿ ಭಾನುವಾರ ಯಾರೂ ಬಟ್ಟೆ ಹಾಕಲ್ಲ. ನಮ್ಮಮ್ಮ ಒಂದು ಕರವಸ್ತ್ರ ಕೂಡ ಹಾಕಿದವಳಲ್ಲ."

"ನನಗೆ ರಜ, ಬಿಸಿಲು ಎರಡೂ ಸಿಕ್ಕಿದ್ದೇ ಇವತ್ತು."

"ಹಾಗಾದರೆ ನಿಮಗೆ ಈ ಊರು ಸರಿಹೋಗಲ್ಲವೇನೋ."

ಬಾಗಿಲು ಹಾಕಿಕೊಂಡಳು. ಧಡಾರನೆ ಅಲ್ಲ, ಮೆಲ್ಲಗೆ. ಅದಕ್ಕೇ ನನಗೆ ಮೈಯೆಲ್ಲ ಉರಿಯಿತು.

ನಾನು ಕೊಡಿಗೇಹಳ್ಳಿಯ ಬೀದಿ ನಲ್ಲಿ ಮುಂದೆ ಬೆಳೆದವಳು. ಕೊಡ ಹಿಂದೆ ಮುಂದೆ ಮಾಡಿದವರ ಜನ್ಮ ಜಾಲಾಡುತ್ತಿದ್ದಳು ನಮ್ಮಮ್ಮ. ಅವರೂ ಅಷ್ಟೇ ಬಾಯಿ ಮಾಡುತ್ತಿದ್ದರು. ಯಾರಿಗೆ ಯಾರ ಮೇಲೆ ಸಿಟ್ಟು ಅಂತ ಇಡೀ ಬೀದಿಗೆ ಗೊತ್ತಿರುತ್ತಿತ್ತು. ನಗುನಗುತ್ತ ಉಗಿದರೆ ತಿರುಗಿ ಏನು ಹೇಳಬೇಕು ಅಂತ ನನಗೆ ಯಾರೂ ಕಲಿಸಿರಲಿಲ್ಲ. ಕೆಳಗಿಳಿದು ಬಂದವಳೇ ಅಮ್ಮನಿಗೆ ಫೋನ್ ಮಾಡಿದೆ.

"ಅಗ್ಗ ಏನ್ ಅವ್ಳಪ್ಪಂದಾ?" ಅಂದಳು ಅಮ್ಮ. "ನೀವ್ ಬಾಡ್ಗೆ ಕೊಡ್ತಿಲ್ವಾ? ಬರೋ ಭಾನ್ವಾರನೂ ಇಂಗೇ ಆಕು. ಅಲ್ಲೇ ಕುರ್ಚಿ ಆಕ್ಕೊಂಡು ಕೂತ್ಕೋ. ಅದೆಂಗ್ ಮುಟ್ತಾಳೋ ನೋಡಾನ."

ಹಾಗೇ ಮಾಡಿದೆ. ಬಟ್ಟೆ ಹಾಕಿ, ಕೋಟು ತೊಟ್ಟು, ಹಗ್ಗದ ಪಕ್ಕ ಕುರ್ಚಿ ಎಳೆದುಕೊಂಡು ಕೂತೆ. ಚರ್ಚಿಗೆ ಹೊರಟ ಮೇಲಿನವಳು ಹಿತ್ತಲಿಗೆ ಬಂದು ನೋಡಿ ಹೋದಳು. ಆ ವಾರದಿಂದ ಊರೇ ನಮ್ಮೊಂದಿಗೆ ಮಾತು ಬಿಟ್ಟಿತು. ಬ್ರೆಡ್ ಅಂಗಡಿಯವಳು ಚಿಲ್ಲರೆಯನ್ನು ಕೈಗೆ ಕೊಡದೆ ಕೌಂಟರಿನ ಮೇಲಿಡತೊಡಗಿದಳು. ಪಕ್ಕದ ಮನೆಯ ದಂಪತಿ ನಮ್ಮನ್ನು ಕಂಡರೆ ರಸ್ತೆ ದಾಟಿಬಿಡುತ್ತಿದ್ದರು.

"ಬಿಟ್ಬಿಡೇ," ಅಂದರು ಗಂಡ. "ಹೋಟ್ಲಲ್ಲೂ ಕೇಳ್ತಾರೆ, ಏನ್ ನಿನ್ ಹೆಂಡ್ತಿ ಗಲಾಟೆ ಅಂತ."

"ಕೆಮ್ಮೋರು ನೀವ್ ತಾನೇ?" ಅಂದೆ.

ಚಳಿಗಾಲಕ್ಕೆ ಮುಂಚೆ ಮಾಲೀಕ ಬಂದ. ಕರಾರು ಮುಗಿದ ಮೇಲೆ ಮುಂದುವರಿಸಲ್ಲ ಅಂದ. "ದೂರು ಅಂತ ಏನಿಲ್ಲ. ಕಟ್ಟಡದಲ್ಲಿ ನೆಮ್ಮದಿ ಇರಬೇಕಲ್ಲ."

"ಯಾರಿಗೆ ನೆಮ್ಮದಿ?" ಅಂತ ಕೇಳಿದೆ. ಅವನು ನದಿಯ ಕಡೆ ನೋಡಿ, ನೀರು ಏರುತ್ತಿದೆ ಅಂದ.

ಕೊನೆಯ ಭಾನುವಾರ ಒಳ್ಳೆಯ ಗಾಳಿ ಇತ್ತು. ಒಗೆದಿದ್ದ ಬಟ್ಟೆಯನ್ನೂ ಮತ್ತೆ ಒಗೆದು ಹಗ್ಗದ ತುಂಬ ಹಾಕಿದೆ. ಮೇಲಿನವಳು ಇಳಿದು ಬಂದಳು, ಚರ್ಚಿನ ಟೋಪಿ, ಕೈಗೆ ಗವಸು.

"ಇನ್ನು ಒಂದೇ ವಾರವಂತೆ," ಅಂದಳು, ಅದೇ ನಗು.

"ಹೌದು. ಇವತ್ತು ಮುಟ್ಟಿ ನೋಡಿ," ಅಂದೆ.

ಇಂಗ್ಲಿಷಿನಲ್ಲಿ ಬಂದದ್ದು ಅಷ್ಟೇ. ಮಿಕ್ಕದ್ದೆಲ್ಲ ಕನ್ನಡದಲ್ಲಿ, ನಲ್ಲಿ ಮುಂದಿನ ಕನ್ನಡದಲ್ಲಿ. ಅವಳ ಹಗ್ಗ, ಅವಳ ಭಾನುವಾರ, ಅವಳ ಕಲ್ಲು ಮನೆ, ಅದರ ಬೂಷ್ಟು, ಯಾವುದನ್ನೂ ಬಿಡಲಿಲ್ಲ. ಸೇತುವೆ ಮೇಲೆ ಫೋಟೊ ತೆಗೆಯುತ್ತಿದ್ದವರು ತಿರುಗಿ ನೋಡಿದರು. ಗಂಡ ಬಾಗಿಲಲ್ಲಿ ನಿಂತು "ಸಾಕು ಕಣೇ, ಸಾಕು" ಅನ್ನುತ್ತಲೇ ಇದ್ದರು. ಅವಳಿಗೆ ಒಂದಕ್ಷರ ತಿಳಿಯದಿದ್ದರೂ ಎಲ್ಲ ತಿಳಿಯಿತು. ಮುಖ ಕೆಂಪಾಯಿತು.

"ನೀವು ಬರೋ ತನಕ ಈ ಹಿತ್ತಲಲ್ಲಿ ಯಾರೂ ಕೂಗಿರಲಿಲ್ಲ!" ಅಂತ ಅವಳೂ ಕೂಗಿದಳು. ಗಂಟಲು ಸೀಳುವ ಹಾಗೆ. ಆ ನಗು ಎಲ್ಲೂ ಇರಲಿಲ್ಲ. ಅಷ್ಟು ತಿಂಗಳಲ್ಲಿ ಅವಳು ನನ್ನ ಜೊತೆ ಸರಿಯಾಗಿ ಮಾತಾಡಿದ್ದು ಅವತ್ತೊಂದೇ ಸಲ. ಬಟ್ಟೆ ಮುಟ್ಟದೆ, ಚರ್ಚಿಗೂ ಹೋಗದೆ, ಮೆಟ್ಟಿಲು ಹತ್ತಿ ಒಳಗೆ ಹೋದಳು.

ನಾವು ಸ್ಕಾಟ್ಲೆಂಡಿನಲ್ಲೇ ದೊಡ್ಡ ಊರೊಂದರಲ್ಲಿ ಮೂರನೇ ಮಹಡಿಯ ಮನೆ ಹಿಡಿದೆವು. ಗಂಡನ ಕೆಮ್ಮು ನಿಧಾನಕ್ಕೆ ಹೋಯಿತು. ಕೊಡಿಗೇಹಳ್ಳಿಗೆ ವಾಪಸಾಗುವವರೆಗೂ ಆ ಊರಿಗೆ ಮತ್ತೆ ಕಾಲಿಡಲಿಲ್ಲ. ವೃದ್ಧಾಶ್ರಮದಲ್ಲಿ ಜೊತೆಗಿದ್ದವಳೊಬ್ಬಳು ಫೋನಿನಲ್ಲಿ ಹೇಳಿದಳು, ಮಾಲೀಕ ಆ ಮನೆಯನ್ನು ಈಗ ಟೂರಿಸ್ಟುಗಳಿಗೆ ದಿನದ ಲೆಕ್ಕದಲ್ಲಿ ಕೊಡುತ್ತಾನಂತೆ. ವಾರದ ಕೊನೆಗೆ ಗುಂಪುಗಟ್ಟಿ ಬಂದು, ಹಿತ್ತಲಲ್ಲಿ ಕುಡಿದು, ಭಾನುವಾರ ಮಧ್ಯಾಹ್ನದವರೆಗೂ ಹಾಡು ಹಾಕಿಕೊಂಡು ಕುಣಿಯುತ್ತಾರಂತೆ. ಮೇಲಿನವಳ ದೂರನ್ನು ಕೇಳುವವರಿಲ್ಲವಂತೆ.

ಅಯ್ಯೋ ಪಾಪ ಅನ್ನಬೇಕಿತ್ತು. ಅನ್ನಲಿಲ್ಲ. "ಹೌದಾ? ಇನ್ನೇನಾಯ್ತು, ಹೇಳು," ಅಂತ ಕೇಳಿದೆ.