ಮೇಷ್ಟ್ರ ನಶ್ಯ, ನನ್ನ ಮಾತ್ರೆ

ಬಾಯಿ ಮುಚ್ಚಿ ಮೂಗಿನಲ್ಲೇ ಉಸಿರಾಡುವುದನ್ನು ರೂಢಿ ಮಾಡಿಕೊಂಡರೆ ಉಬ್ಬಸ ಹೋಗುತ್ತದಂತೆ, ಕೇಳಿದಿರಾ? ಇವತ್ತು ಬೆಳಿಗ್ಗೆ ಜಯನಗರದ ಪಾರ್ಕಿನಲ್ಲಿ ಪಕ್ಕದ ಮನೆಯ ನಿವೃತ್ತ ಡ್ರಿಲ್ ಮೇಷ್ಟ್ರು ನನಗೆ ಹೇಳಿಕೊಟ್ಟರು.

“ಮೆಲ್ಲಗೆ, ಕಮ್ಮಿ ಉಸಿರಾಡಮ್ಮ. ಸೆರಗಲ್ಲಿ ಕಟ್ಕೊಂಡಿದೀಯಲ್ಲ, ಆ ಮಾತ್ರೆ ಇಲ್ಲಿ ಕೊಡು. ಇನ್ಮೇಲೆ ಬೇಕಾಗಲ್ಲ.”

ಕೊಟ್ಟ ಮೇಲೆ ಉಬ್ಬಸ ಏರಿದರೆ? ಗಂಟನ್ನು ಬಿಗಿಯಾಗಿ ಹಿಡಿದು ಅವರನ್ನೇ ನೋಡಿದೆ. ಅವರು ಡಬ್ಬಿ ತೆಗೆದು ಎರಡೂ ಹೊಳ್ಳೆಗೆ ನಶ್ಯ ಏರಿಸಿ, ಬಾಯಿ ತೆರೆದು ಉಸಿರೆಳೆದುಕೊಂಡರು.

“ಮೇಷ್ಟ್ರೇ, ನೀವೇ ಬಾಯಲ್ಲಿ ಉಸಿರಾಡ್ತಿದೀರಲ್ಲ?”

“ನಂಗೇನು ಉಬ್ಬಸಾನಾ? ನಿನ್ನ ಉಸಿರು ನೋಡ್ಕೋ!”

ನೋಡಿಕೊಂಡೆ. ಸುಳ್ಳೇಕೆ, ಎದೆ ಕೊಂಚ ಹಗುರವಾಯಿತು. ನಾಳೆಯೂ ಹೋಗುತ್ತೇನೆ. ಅವರು ನಶ್ಯದ ಡಬ್ಬಿ ನನ್ನ ಕೈಗೆ ಕೊಟ್ಟ ದಿನ, ನಾನು ಮಾತ್ರೆ ಕೊಡುತ್ತೇನೆ.