ಬರೀ ಕಲ್ಲು

ನಿನ್ನೆ ಮಧ್ಯಾಹ್ನ ಗೂಡ್ಸ್ ಗಾಡಿಯೊಂದು ಹೋಯಿತು, ಹಲಗೆಯ ಮೇಲಿನ ಹಿತ್ತಾಳೆ ಪಾತ್ರೆಗಳು ಗಿಣಿಗಿಣಿ ಎಂದವು, ನಾನು ಮಗಳ ಬೆನ್ನಿಗೆ ಒಂದು ಕೊಟ್ಟೆ. ಇವಕ್ಕೆಲ್ಲ ಏನು ಸಂಬಂಧ ಎಂದು ನೀವು ಕೇಳಬಹುದು. ಅವಳೂ ಅದನ್ನೇ ಕೇಳಿದಳು. ಬಂಗಾರಪೇಟೆಯಲ್ಲಿ ರೈಲು ಹಳಿಯ ಪಕ್ಕದಲ್ಲೇ ಮನೆ ಮಾಡಿಕೊಂಡು, ಗಾಡಿ ಹೋದರೆ ಪಾತ್ರೆ ಅಲುಗುತ್ತದೆಂದು ಬೆಚ್ಚುವವಳನ್ನು ಬುದ್ಧಿವಂತೆ ಎನ್ನಲಾಗದು. ಆದರೂ ಆ ಸದ್ದಿಗೆ ನನ್ನ ಕೈ ನನಗಿಂತ ಮೊದಲು ಏಳುತ್ತದೆ. ಕೈಕೂಸಿಗೆ ಮೂರು ದಿನದಿಂದ ಜ್ವರ, ನನಗೆ ನಿದ್ದೆಯಿಲ್ಲ ಎಂದೆಲ್ಲ ಕಾರಣ ಹೇಳಬಹುದು. ಹೇಳಿದೆ ಕೂಡ, ಆರು ವರ್ಷದ ಹುಡುಗಿಗೆ. ಅವಳು ನಂಬಲಿಲ್ಲ.

ಆ ಸದ್ದು ನನಗೆ ಚಿನ್ನದ ಗಣಿಯ ಊರಿಗಾಂನಿಂದ ಬಂದದ್ದು. ಅಲ್ಲಿ ಗಣಿ ಕೂಲಿಗಳ ಸಾಲುಮನೆಯಲ್ಲಿ, ಲೈನ್ ಮನೆಯಲ್ಲಿ, ನಾನು ಬೆಳೆದೆ. ಅಪ್ಪ ಗಣಿಗೆ ಇಳಿಯುತ್ತಿದ್ದ. ನೆಲದಾಳದಲ್ಲಿ ಎಲ್ಲೋ ಬಂಡೆ ಸಿಡಿದರೆ ಮೇಲೆ ನಮ್ಮ ಮನೆಗಳು ನಡುಗುತ್ತಿದ್ದವು, ಅದನ್ನು ಮೊದಲು ತಿಳಿಸುತ್ತಿದ್ದುದು ಪಾತ್ರೆಗಳು. ಲೈನಿನ ಹೆಂಗಸರು ಪಾತ್ರೆಗಳ ನಡುವೆ ಹಳೇ ಸೀರೆ ತುಂಡು ತುರುಕಿಡುತ್ತಿದ್ದರು. ಆದರೂ ಯಾವುದೋ ಒಂದು ತಟ್ಟೆ ತಪ್ಪಿಸಿಕೊಂಡು ಸದ್ದು ಮಾಡಿಯೇ ಮಾಡುತ್ತಿತ್ತು. ಆಗ ಎಲ್ಲರೂ ಕೈಲಿದ್ದದ್ದನ್ನು ಬಿಟ್ಟು ಗಣಿಗೆ ಇಳಿಯುವ ಶಾಫ್ಟಿನ ಕಡೆ ಓಡುತ್ತಿದ್ದರು. ನಮ್ಮಮ್ಮ ಓಡುತ್ತಿರಲಿಲ್ಲ. ನನ್ನನ್ನೂ ತಮ್ಮನನ್ನೂ ಹೊರಗೆ ಜಗಲಿಯ ಮೇಲೆ ಕೂರಿಸಿ, ಬಾಗಿಲು ಮುಂದೆ ಮಾಡಿಕೊಂಡು, ರಾಗಿ ಕಲ್ಲಿನ ಮುಂದೆ ಕೂತು ಬೀಸತೊಡಗುತ್ತಿದ್ದಳು. ಕಲ್ಲಿನಲ್ಲಿ ಒಂದು ಕಾಳೂ ಇರುತ್ತಿರಲಿಲ್ಲ.

"ಕಲ್ಲು ನಿಂತ್ ಮ್ಯಾಲೆ ಕೂಗ್ರಿ," ಎನ್ನುತ್ತಿದ್ದಳು. "ಅಲ್ಲೀಗಂಟ ನಾನು ಯಾರ ಅಮ್ಮನೂ ಅಲ್ಲ."

ಕಾಳಿಲ್ಲದ ಕಲ್ಲಿನ ಸದ್ದನ್ನು ನೀವು ಕೇಳಿರಲಿಕ್ಕಿಲ್ಲ. ಹಲ್ಲು ಜುಂ ಎನ್ನುತ್ತದೆ. ಅಪ್ಪ ಬರುವವರೆಗೂ ಅದನ್ನು ಕೇಳುತ್ತ ಕೂತಿರಬೇಕು, ಅಪ್ಪ ಬರುವುದೋ ತಡವಾಗಿ. ಮೇಲೆ ಬಂದವರನ್ನು ಗೇಟಿನಲ್ಲಿ ನಿಲ್ಲಿಸಿ, ಮೈಯೆಲ್ಲ ತಡವಿ, ತಲೆಗೂದಲನ್ನೂ ಬಿಚ್ಚಿಸಿ ನೋಡಿ, ಚಿನ್ನ ಇಲ್ಲವೆಂದಾದ ಮೇಲೆ ಬಿಡುತ್ತಿದ್ದರು. ಅವನು ಬೀದಿಯ ತುದಿಯಲ್ಲಿ ಕಂಡ ಕೂಡಲೇ ನಾವು ಬಾಗಿಲು ಬಡಿಯುತ್ತಿದ್ದೆವು. ಕಲ್ಲು ನಿಲ್ಲುತ್ತಿತ್ತು. ಅಮ್ಮ ಹೊರಗೆ ಬಂದು ಅಪ್ಪನ ಸ್ನಾನಕ್ಕೆ ನೀರು ಕಾಯಿಸಲು ಹೋಗುತ್ತಿದ್ದಳು.

ಹೀಗೆ ಬರೆದರೆ ವಾರವಾರವೂ ನಡೆದಂತೆ ಕಾಣುತ್ತದೆ. ನಾಲ್ಕು ಸಲ ನಡೆದಿರಬಹುದು. ಎರಡೇ ಇದ್ದರೂ ಇರಬಹುದು.

ಎದುರುಮನೆಯ ತಮಿಳು ಅಕ್ಕ ನನ್ನನ್ನು ಕಂಡಾಗಲೆಲ್ಲ, ಏನು ಪಾಪಾ, ಇವತ್ತೂ ನಿಮ್ಮಮ್ಮ ಗಾಳಿ ಬೀಸ್ತಾವಳಾ, ನಮಗೂ ಒಂದು ಸೇರು ಹಿಟ್ಟು ಕೊಡಾಕೇಳು ಎನ್ನುತ್ತಿದ್ದಳು. ಅವಳಿಗೆ ತಮಾಷೆ. ನನಗೆ ಅಮ್ಮನಿಗೆ ಹುಚ್ಚು ಹಿಡಿಯುತ್ತಿದೆ ಎಂಬ ಭಯ. ಆ ಭಯದಲ್ಲೂ, ಹಾಗಾದರೆ ಮುದ್ದೆ ಮಾಡುವವರು ಯಾರು ಎಂಬುದು ನನ್ನ ಮುಖ್ಯ ಚಿಂತೆಯಾಗಿತ್ತು. ನಾನು ಅಂಥ ಮಗಳು. ಕ್ಯಾಸಂಬಳ್ಳಿಯಿಂದ ಅಪ್ಪನ ತಾಯಿ, ನಮ್ಮಜ್ಜಿ, ಎತ್ತಿನ ಗಾಡಿಯಲ್ಲಿ ರಾಗಿ ಹಾಕಿಕೊಂಡು ಬಂದಾಗ ಎಲ್ಲವನ್ನೂ ಹೇಳಿಬಿಟ್ಟೆ.

ಅಜ್ಜಿ ಬೈಯಲಿಲ್ಲ. "ಬರೀ ಕಲ್ಲು ಬೀಸಿದ್ರೆ ಮನೇಲಿ ಇರೋದೂ ಓಗ್ತದೆ ಕಣಮ್ಮಿ," ಎಂದು ಸೊಸೆಗೆ ಹೇಳಿ, ರಾಗಿ ಇಳಿಸಿದ ಗಾಡಿಗೇ ಕಲ್ಲನ್ನು ಹೇರಿಸಿದಳು. ಇನ್ನು ಮೇಲೆ ಹಿಟ್ಟನ್ನೇ ಕಳಿಸುತ್ತೇನೆ ಎಂದಳು. ಅಮ್ಮ ನನ್ನ ಕಡೆ ಒಮ್ಮೆ ನೋಡಿದಳು. ನೋಡಲಿಲ್ಲವೋ ಏನೋ; ನೋಡಬೇಕಿತ್ತು ಎಂದು ನಾನೇ ಆಮೇಲೆ ಸೇರಿಸಿರಬಹುದು.

ಮುಂದಿನ ಸಲ ಪಾತ್ರೆಗಳು ಅಲುಗಿದಾಗ ಅಮ್ಮ ಕಲ್ಲಿದ್ದ ಜಾಗದಲ್ಲೇ ಹೋಗಿ ಕೂತಳು. ತಮ್ಮನನ್ನು ತೊಡೆಗೆ ಎಳೆದುಕೊಂಡು ಅವನ ತೋಳು ಹಿಡಿದಳು. ಅವನು ಕಿರುಚಿದ. ಬಿಡಲಿಲ್ಲ. ನಾನು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ತೋಳಿನ ಮೇಲೆ ನಾಲ್ಕು ನೀಲಿ ಗುರುತು. ಈಗ ತಮ್ಮನನ್ನು ಕೇಳಿದರೆ ಹಾಗೆಲ್ಲ ಏನೂ ಆಗಿಲ್ಲ ಅಕ್ಕಾ, ಆ ತೋಳು ನಿಂದೇ ಇರಬೇಕು ಎನ್ನುತ್ತಾನೆ. ಇರಬಹುದು. ಆದರೆ ಬಿಡಿಸಿದ ಬೆರಳುಗಳು ನನ್ನ ಕೈಗೆ ನೆನಪಿವೆ.

ಅಂದೂ ಅಪ್ಪ ಬಂದ. ಸಂಜೆ ಅಮ್ಮ ಆ ಗುರುತುಗಳಿಗೆ ಹರಳೆಣ್ಣೆ ಸವರುತ್ತ, ಯಾರಿಗೆ ಎಂದಿಲ್ಲದೆ ಹೇಳಿದಳು: "ಶಾಫ್ಟ್ ತಾವ ಓದ್ರೆ ಬಾಯಿ ಬಡ್ಕೊತೀನಿ, ನೀವು ನೋಡ್ತೀರಿ. ಅದುಕ್ಕೇ ಕಲ್ಲು ಇಡ್ಕೊತಿದ್ದೆ. ಕಲ್ಲಾದ್ರೆ ಅಳಾಕಿಲ್ಲ ಮಗಾ."

ಕಲ್ಲು ವಾಪಸು ಬಂತು. ನಾನೇ ಅಜ್ಜಿಯ ಕಾಲು ಹಿಡಿದು ತರಿಸಿದೆ ಎಂದು ಬಹಳ ವರ್ಷ ನಂಬಿದ್ದೆ, ಒಂದಿಬ್ಬರಿಗೆ ಹೇಳಿಕೊಂಡೂ ಇದ್ದೆ. ಅಪ್ಪನೇ ಹೋಗಿ ತಂದದ್ದು ಎಂದು ಅಮ್ಮ ಸಾಯುವ ಮುಂಚೆ ತಿಳಿಸಿದಳು. ಈಗ ಅದು ನನ್ನ ಮನೆಯಲ್ಲಿದೆ. ಇಲ್ಲಿ ಹಿಟ್ಟಿನ ಮಿಲ್ ಇರುವುದರಿಂದ ನೀರಿನ ಬಿಂದಿಗೆ ಇಡಲು ಬಳಕೆಯಾಗುತ್ತಿದೆ.

ಇವತ್ತು ಮಧ್ಯಾಹ್ನ, ಗಾಡಿಯ ಹೊತ್ತಿಗೆ, ಬಿಂದಿಗೆ ಇಳಿಸಿದೆ. ಕೂಸು ತೊಟ್ಟಿಲಲ್ಲಿ ನಿದ್ದೆ ಹೋಗಿತ್ತು. ಮಗಳನ್ನು ಜಗಲಿಯ ಮೇಲೆ ಕೂರಿಸಿ, ಕಲ್ಲು ನಿಲ್ಲುವ ತನಕ ಕೂಗಬೇಡ ಎಂದೆ. ಯಾರ ಅಮ್ಮನೂ ಅಲ್ಲ ಎಂಬ ಅಮ್ಮನ ಎರಡನೆಯ ಮಾತು ಬಾಯಿಗೆ ಬಂತು, ಹೇಳಲಾಗಲಿಲ್ಲ. ಒಳಗೆ ಬಂದು ಗೂಟ ಹಿಡಿದು ತಿರುಗಿಸಿದೆ. ನಾಲ್ಕು ಸುತ್ತಿಗೇ ರಟ್ಟೆ ನೊಂದಿತು. ಗಾಡಿ ಯಾವಾಗ ಹೋಯಿತೋ ತಿಳಿಯಲಿಲ್ಲ. ಮನಸ್ಸು ಹಗುರವಾಯಿತೇ ಎಂದರೆ ಅದೂ ಗೊತ್ತಿಲ್ಲ. ಕೈಗೆ ಮಾತ್ರ ಬೇರೆ ಕೆಲಸ ಸಿಕ್ಕಿತ್ತು.

ಆಗ ಮಗಳು ಹೊರಗಿನಿಂದ "ಅಮ್ಮಾ" ಎಂದಳು.

ಗಾಡಿಯೇ ಕೇಳಿಸದ ಸದ್ದಿನಲ್ಲಿ ಇದು ಹೇಗೆ ಕೇಳಿಸಿತು? ಹಾಗಾದರೆ ನಾನೂ ತಮ್ಮನೂ ಬಾಯಿ ಬಿಗಿಹಿಡಿದು ಕೂತಿದ್ದ ಆ ದಿನಗಳಲ್ಲಿ ನಾವು ಕೂಗಿದ್ದರೆ ಅಮ್ಮನಿಗೂ ಕೇಳಿಸುತ್ತಿತ್ತೇ? ಕೂಗಲೆಂದು ಕಾದಿದ್ದಳೇ?

"ಓ," ಎಂದೆ.

"ಇನ್ನೂ ಎಷ್ಟೊತ್ತು?"

"ಇನ್ನೊಂದು ಸ್ವಲ್ಪ. ಇಲ್ಲೇ ಇದೀನಿ."

ಕಲ್ಲು ತಿರುಗುತ್ತಲೇ ಇತ್ತು.